ಹಬ್ಬದ ಬಜೆಟ್ಟಿಗೆ ಮೊದಲು ಮನೆಗಳ ಪಟ್ಟಿ

ಕ್ರಿಸ್ತನಲ್ಲಿ ಪ್ರೀತಿಯ ಗುರ್ಕಾರರೆ, ಪಾಲನಾ ಮಂಡಳಿಗೆ ಹೊಸದಾಗಿ ಆಯ್ಕೆಯಾಗಿ ಬಂದ ಅಕ್ಕ, ಅಣ್ಣಂದಿರೆ,

ಮುಂದಿನ ಸಭೆಯಲ್ಲಿ ವಾರ್ಷಿಕ ಹಬ್ಬದ ಖರ್ಚಿನ ಅಂದಾಜು ಇದೆಯೆಂದು ಭಾನುವಾರ ಬಲಿಪೂಜೆಯ ಕೊನೆಗೆ ಪ್ರಕಟಿಸಿದ್ದನ್ನು ಎಲ್ಲರಂತೆ ನಾನೂ ಕೇಳಿಸಿಕೊಂಡೆ. ದೀಪಾಲಂಕಾರ, ಬ್ಯಾಂಡ್, ಪರಮ ಪ್ರಸಾದದ ಮೆರವಣಿಗೆ ಸಾಗುವ ದಾರಿ, ಹಬ್ಬದ ಊಟ ಎಲ್ಲವೂ ಚರ್ಚೆಗೆ ಬರುತ್ತವೆ, ಬರಲಿ. ಆದರೆ ಆ ಕಡತ ತೆರೆಯುವ ಮೊದಲು ಪ್ರತಿಯೊಂದು ವಾರ್ಡಿನಿಂದ ಎರಡು ಪಟ್ಟಿಗಳು ಸಭೆಯ ಮೇಜಿಗೆ ಬರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಇಗರ್ಜಿಗೆ ಬರುವ ಕಸುವಿಲ್ಲದೆ ಮನೆಯಲ್ಲೇ ಉಳಿದವರದು ಒಂದು ಪಟ್ಟಿ. ಪ್ರತಿ ಭಾನುವಾರ ಇಗರ್ಜಿಗೆ ಬಂದರೂ ನಮ್ಮ ಕುಟುಂಬ ರಿಜಿಸ್ಟರಿನಲ್ಲಿ ಹೆಸರಿಲ್ಲದವರದು ಇನ್ನೊಂದು.

ಮೊದಲಿನವರ ವಿಷಯ ನಿಮಗೆಲ್ಲ ಗೊತ್ತಿರುವುದೇ. ಕರಾವಳಿಯ ಯಾವ ಧರ್ಮಕೇಂದ್ರಕ್ಕೆ ಹೋದರೂ ಇಂಥ ಮನೆಗಳಿವೆ. ಮಕ್ಕಳು ದುಬೈ, ಕುವೈತ್, ಮಸ್ಕತ್, ಬೆಂಗಳೂರು, ಟೊರಾಂಟೊ ಎಂದು ಹಂಚಿಹೋಗಿದ್ದಾರೆ. ಮನೆ ದೊಡ್ಡದು, ಅಂಗಳಕ್ಕೆ ಇಂಟರ್‌ಲಾಕ್, ಗೇಟಿಗೆ ಬೀಗ, ಮೂಲೆಯಲ್ಲಿ ಕ್ಯಾಮೆರಾ. ಅಮ್ಮ ಎದ್ದರೋ ಇಲ್ಲವೋ ಎಂದು ಮಗ ಅಲ್ಲಿಂದಲೇ ಫೋನಿನಲ್ಲಿ ನೋಡುತ್ತಾನೆ. ಅವನಿಗೆ ಅಮ್ಮನ ಮೇಲೆ ಪ್ರೀತಿಯಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ತಿಂಗಳು ತಿಂಗಳು ದುಡ್ಡು ಬರುತ್ತದೆ, ಔಷಧಿ ಬರುತ್ತದೆ, ನೋಡಿಕೊಳ್ಳಲು ಆಳೂ ಇದ್ದಾರೆ. ಬರದೆ ಉಳಿದವರು ನಾವು.

ನಮ್ಮ ವಾರ್ಡಿನ ಒಬ್ಬ ಹಿರಿಯಕ್ಕನ ಮನೆಗೆ ಈಚೆಗೆ ಹೋಗಿದ್ದೆ. ಟಿವಿಯಲ್ಲಿ ಬಲಿಪೂಜೆಯ ನೇರ ಪ್ರಸಾರ ನಡೆಯುತ್ತಿತ್ತು. ಸುವಾರ್ತೆಯ ವಾಚನ ಶುರುವಾದ ಕೂಡಲೇ ಅವರು ಕುರ್ಚಿಯ ಕೈ ಹಿಡಿದು, ನೋಯುವ ಮಂಡಿಯ ಮೇಲೆ ಭಾರ ಹಾಕಿ ಎದ್ದು ನಿಂತರು. ಒಬ್ಬರೇ ಇರುವಾಗಲೂ ಹಾಗೆಯೇ ನಿಲ್ಲುತ್ತಾರಂತೆ. ಪರಮ ಪ್ರಸಾದ ಸ್ವೀಕರಿಸಿ ಎಷ್ಟು ಸಮಯವಾಯಿತು ಎಂದು ಕೇಳಿದೆ. ಈಸ್ಟರಿಗೆ ಒಬ್ಬರು ಬಂದಿದ್ದರು ಎಂದರು. ಯಾವ ವರ್ಷದ ಈಸ್ಟರ್ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಾನಿದ್ದಾಗಲೇ ಪಕ್ಕದ ಬಿಲ್ಲವರ ಮನೆಯ ಹುಡುಗ ಬಾಗಿಲಲ್ಲಿ ನಿಂತು "ಬಾಯಮ್ಮ, ಪೇಟೆಗೆ ಹೋಗ್ತಿದ್ದೇನೆ, ಏನಾದ್ರೂ ತರ್ಲಿಕ್ಕುಂಟಾ?" ಎಂದು ಕೇಳಿ ಹೋದ. ದಿನಾ ಕೇಳುತ್ತಾನಂತೆ. ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಅವನು ಕೇಳುವ ಪ್ರಶ್ನೆಯನ್ನು ವಾರಕ್ಕೊಮ್ಮೆ ಕೇಳಲು ಅದೇ ರಸ್ತೆಯಲ್ಲಿರುವ ನಮ್ಮ ಹತ್ತಾರು ಕುಟುಂಬಗಳಿಗೆ ಯಾಕೆ ಆಗಲಿಲ್ಲ?

ಇದೇ ಅಕ್ಕ ನಾಳೆ ತೀರಿಕೊಂಡರೆ ನಮ್ಮ ವಾರ್ಡು ಏನು ಮಾಡುತ್ತದೆ ಎಂಬುದೂ ನನಗೆ ಗೊತ್ತು. ಇಗರ್ಜಿಯ ಗಂಟೆ ಹೊಡೆದ ಅರ್ಧ ಗಂಟೆಯೊಳಗೆ ಅಂಗಳ ತುಂಬುತ್ತದೆ. ಶಾಮಿಯಾನ, ಕುರ್ಚಿ, ಪೆಟ್ಟಿಗೆ, ಹೂವು ಯಾವುದಕ್ಕೂ ಮನೆಯವರು ಓಡಾಡಬೇಕಿಲ್ಲ. ರಾತ್ರಿ ಜಪಸರಕ್ಕೆ ಜಾಗ ಸಾಲುವುದಿಲ್ಲ. ವಿದೇಶದಿಂದ ಮಗ ಬಂದು ಇಳಿಯುವವರೆಗೆ ಹುಡುಗರು ಸರದಿಯ ಮೇಲೆ ಮನೆ ಕಾಯುತ್ತಾರೆ. ಸಾವಿನ ಮನೆಯಲ್ಲಿ ನಾವು ಒಬ್ಬರಿಗೊಬ್ಬರು ಆಗಿಬರುವ ರೀತಿ ನನಗೆ ಬಹಳ ಹೆಮ್ಮೆಯ ವಿಷಯ. ಬೇರೆ ಊರಿನಲ್ಲಿ ನೆಲೆಸಿದ ಬಂಧುಗಳು ಇದನ್ನು ನೆನೆದು ಕಣ್ಣೀರು ಹಾಕುವುದನ್ನು ಕಂಡಿದ್ದೇನೆ. ಹಾಗಾಗಿ ನಮಗೆ ಜನಬಲವಿಲ್ಲ, ಸಮಯವಿಲ್ಲ, ಮನಸ್ಸಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೂರೂ ಇವೆ. ಅವು ಒಂದೆರಡು ವರ್ಷ ಮೊದಲೇ ಆ ಮನೆಗೆ ತಲುಪಲಿ ಎಂಬುದಷ್ಟೇ ನನ್ನ ಬೇಡಿಕೆ.

ಇದನ್ನು ವಿಗಾರರಿಗೆ ಹೇಳಬಹುದಿತ್ತಲ್ಲ, ಗುರ್ಕಾರರಿಗೇಕೆ ಎಂದು ನೀವು ಕೇಳಬಹುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 529ನೇ ವಿಧಿ ಧರ್ಮಕೇಂದ್ರದ ಗುರುಗಳ ಕರ್ತವ್ಯಗಳಲ್ಲಿ ಕುಟುಂಬಗಳ ಭೇಟಿಯನ್ನು ಹೆಸರಿಸಿಯೇ ಹೇಳುತ್ತದೆ. ತಮ್ಮ ಜನರನ್ನು ಅರಿಯಬೇಕು, ಅವರ ಚಿಂತೆ ದುಃಖಗಳಲ್ಲಿ ಪಾಲು ಪಡೆಯಬೇಕು, ಕಾಯಿಲೆಯವರನ್ನೂ ಸಾವಿನ ಅಂಚಿನಲ್ಲಿರುವವರನ್ನೂ ಅಕ್ಕರೆಯಿಂದ ನೋಡಿಕೊಳ್ಳಬೇಕು, ಬಡವರನ್ನು, ಒಂಟಿಯಾದವರನ್ನು, ನಾಡು ಬಿಟ್ಟು ಬಂದವರನ್ನು ಹುಡುಕಿಕೊಂಡು ಹೋಗಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಫಾದರ್ ಇದನ್ನು ಮರೆತಿಲ್ಲ. ಆದರೆ ಶಾಲೆಯ ಆಡಳಿತ, ಕಟ್ಟಡದ ಲೆಕ್ಕ, ಧರ್ಮಪ್ರಾಂತ್ಯದ ಸಭೆಗಳು, ಮದುವೆ, ಮರಣ ಎಲ್ಲವೂ ಅದೇ ಒಬ್ಬರ ತಲೆಯ ಮೇಲಿವೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದನ್ನು ಅವರಿಗೆ ತಿಳಿಸಬೇಕಾದವರು ಯಾರು? ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುವ ಗುರುಗಳಿಗಿಂತ ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ನಿಮಗೆ ಅದು ಚೆನ್ನಾಗಿ ಗೊತ್ತು.

ಗುರ್ಕಾರ್ ಎಂಬ ಹೊಣೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಮದುವೆಯ ಮಾತುಕತೆಗೆ, ಜಾಗದ ತಕರಾರಿಗೆ, ಅಣ್ಣ ತಮ್ಮಂದಿರ ಜಗಳಕ್ಕೆ ಗುರ್ಕಾರ್ ಬಂದು ಕೂರಬೇಕಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ನೀವೂ ಕೇಳಿರುತ್ತೀರಿ. 1784ರಲ್ಲಿ ಕರಾವಳಿಯ ನಮ್ಮ ಪೂರ್ವಜರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. 1799ರ ನಂತರ ಬದುಕುಳಿದು ಮರಳಿದವರಿಗೆ ಕಟ್ಟಡವೂ ಇರಲಿಲ್ಲ, ಸಾಕಷ್ಟು ಪಾದ್ರಿಗಳೂ ಇರಲಿಲ್ಲ. ಯಾರು ಉಳಿದರು, ಯಾರು ಬಂದರು, ಯಾರ ಮಕ್ಕಳು ಯಾರ ಆಸರೆಯಲ್ಲಿದ್ದಾರೆ ಎಂದು ಒಬ್ಬರನ್ನೊಬ್ಬರು ಹುಡುಕಿಕೊಂಡು, ಗುರುತು ಹಿಡಿದುಕೊಂಡು ಅವರು ಮತ್ತೆ ಸಮುದಾಯವಾದರು. ಕಲ್ಲು ಮತ್ತು ಸುಣ್ಣ ಆಮೇಲೆ ಬಂದವು. ನಿಮ್ಮ ಕೈಯಲ್ಲಿರುವ ಹೊಣೆಯ ಬೇರು ಅಷ್ಟು ಆಳಕ್ಕಿದೆ ಎಂದು ನಾನು ನಂಬಿದ್ದೇನೆ. ವಂತಿಗೆ ವಸೂಲಿ ಮಾಡುವುದು, ಹಬ್ಬದ ಕೂಪನ್ ಮಾರುವುದು, ವಾಟ್ಸಾಪ್ ಗುಂಪಿಗೆ ಪ್ರಕಟಣೆ ಹಾಕುವುದು ಅದರ ಸಣ್ಣ ಭಾಗ.

ಸಂಸ್ಥೆಗಳ ವಿಷಯದಲ್ಲಿ ನಮಗೆ ಬಡತನವಿಲ್ಲ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿತರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಅದೇ ತಂಡದಲ್ಲಿದ್ದ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಹಂಚಿದ್ದು ಇವತ್ತು ದೊಡ್ಡ ಆಸ್ಪತ್ರೆಯಾಗಿದೆ. 1912ರಲ್ಲಿ ನಮ್ಮವರೇ ಸೇರಿ ಸಹಕಾರಿ ಬ್ಯಾಂಕು ಕಟ್ಟಿದರು. ಇವೆಲ್ಲ ಅಭಿಮಾನ ಪಡುವಂಥವೇ. ಆದರೆ ಆಸ್ಪತ್ರೆಗೆ ರೋಗಿ ಹೋಗಬೇಕು, ಬ್ಯಾಂಕಿಗೆ ಗ್ರಾಹಕ ಹೋಗಬೇಕು. ನಡೆಯಲಾರದವರ ಬಾಗಿಲಿಗೆ ಹೋಗುವ ಕೆಲಸವನ್ನು ಯಾವ ಸಂಸ್ಥೆಯೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಎರಡನೆಯ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಭಾನುವಾರ ಬೆಳಗ್ಗಿನ ಬಲಿಪೂಜೆಯಲ್ಲಿ ಹಿಂದಿನ ಬಾಗಿಲ ಬಳಿ, ಕೆಲವೊಮ್ಮೆ ಹೊರಗಿನ ಮೆಟ್ಟಿಲ ಮೇಲೆ, ಒಂದಷ್ಟು ಯುವಕರು ನಿಂತಿರುತ್ತಾರೆ. ನೀವು ನೋಡಿದ್ದೀರಿ. ಝಾರ್ಖಂಡ್, ಒಡಿಶಾದ ಕಡೆಯವರು. ಮೀನುಗಾರಿಕಾ ಬೋಟುಗಳಲ್ಲಿ, ಕಟ್ಟಡಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವವರು. ನಮ್ಮ ಕೊಂಕಣಿ ಅವರಿಗೆ ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಆದರೂ ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂಬುದರಲ್ಲಿ ತಪ್ಪುವುದಿಲ್ಲ. ಛೋಟಾನಾಗಪುರದ ಮುಂಡಾ, ಉರಾಂವ್ ಆದಿವಾಸಿಗಳ ನಡುವೆ ಬೆಲ್ಜಿಯಮ್ಮಿನ ಜೆಸ್ವಿತ್ ಕಾನ್ಸ್ಟಂಟ್ ಲೀವನ್ಸ್ ಕೆಲಸ ಶುರು ಮಾಡಿದ್ದು 1885ರಲ್ಲಿ. ಜಮೀನ್ದಾರರ ಕಿರುಕುಳದಲ್ಲಿದ್ದ ಜನರ ಪರವಾಗಿ ಅವರು ಕೋರ್ಟಿನ ಮೆಟ್ಟಿಲು ಹತ್ತಿದರು. ಗುಮ್ಲಾ, ಸಿಮ್ಡೇಗಾ ಕಡೆ ಇವತ್ತು ಊರಿಗೆ ಊರೇ ಕಥೋಲಿಕರು. ಅಂದರೆ ಮೆಟ್ಟಿಲ ಮೇಲೆ ನಿಂತ ಆ ಹುಡುಗ ಅಪ್ಪ, ಅಜ್ಜ, ಮುತ್ತಜ್ಜರ ಕಾಲದಿಂದ ವಿಶ್ವಾಸ ಪಡೆದು ಬಂದವನು. ಅವನ ಊರಿನ ಇಗರ್ಜಿಯಲ್ಲಿ ಅವನು ಹಾಡುಗಾರನೋ ಜಪ ನಡೆಸುವವನೋ ಆಗಿದ್ದಿರಬಹುದು. ಇಲ್ಲಿ ನಾವು ಅವನ ಹೆಸರು ಕೇಳಿಲ್ಲ.

"ಅವರು ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ, ರಿಜಿಸ್ಟರಿಗೆ ಹೇಗೆ ಸೇರಿಸುವುದು" ಎಂಬ ಮಾತನ್ನು ನಿಮ್ಮಲ್ಲೇ ಕೆಲವರು ಹೇಳಿದ್ದುಂಟು. ಧರ್ಮಸಭೆಯ ಕಾನೂನು ಇಲ್ಲಿ ನಮಗಿಂತ ಉದಾರವಾಗಿದೆ. ಧರ್ಮಕೇಂದ್ರ ಸಾಮಾನ್ಯವಾಗಿ ಒಂದು ಪ್ರದೇಶದ್ದು, ಆ ಎಲ್ಲೆಯೊಳಗೆ ವಾಸಿಸುವ ವಿಶ್ವಾಸಿಗಳೆಲ್ಲರದು ಎನ್ನುತ್ತದೆ 518ನೇ ವಿಧಿ. ಮೂರು ತಿಂಗಳು ಒಂದು ಕಡೆ ನೆಲೆಸಿದರೆ, ಅಥವಾ ನೆಲೆಸುವ ಉದ್ದೇಶದಿಂದ ಬಂದರೆ, ಅರೆವಾಸದ ಹಕ್ಕು ಸಿಗುತ್ತದೆ ಎನ್ನುತ್ತದೆ 102ನೇ ವಿಧಿ. ಮಳೆಗಾಲದ ನಂತರ ಬೋಟಿಗೆ ಬಂದು ಮುಂದಿನ ಮಳೆಯವರೆಗೆ ಇಲ್ಲೇ ದುಡಿಯುವವನು ಆ ಲೆಕ್ಕದಲ್ಲಿ ನಮ್ಮ ಧರ್ಮಕೇಂದ್ರದವನೇ. ನಮ್ಮ ವಿಗಾರರು ಅವನಿಗೂ ವಿಗಾರರು. ಕುವೈತಿನಲ್ಲಿ, ದುಬೈಯಲ್ಲಿ ನಮ್ಮ ಮಕ್ಕಳಿಗೆ ಅಲ್ಲಿಯ ಇಗರ್ಜಿ ಜಾಗ ಕೊಟ್ಟು, ಕೊಂಕಣಿ ಬಲಿಪೂಜೆಗೆ ಸಮಯ ಕೊಟ್ಟು ತನ್ನವರೆಂದು ನೋಡಿಕೊಳ್ಳುತ್ತಿದೆ. ಪರದೇಶದಲ್ಲಿ ಇಗರ್ಜಿಯ ಅಂಗಳ ಹೊಕ್ಕಾಗ ಆಗುವ ಸಮಾಧಾನ ಎಂಥದೆಂದು ನಮ್ಮಲ್ಲಿ ಯಾವ ಮನೆಯನ್ನು ಕೇಳಿದರೂ ಹೇಳುತ್ತಾರೆ.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ದಯವಿಟ್ಟು ನಿಮ್ಮ ಸಭೆಯ ಆರಂಭದ ಪ್ರಾರ್ಥನೆಗೆ ಇಟ್ಟುಕೊಳ್ಳಿ. ನಾನು ಭಾನುವಾರದ ದೊತೊರ್ನ್ ತರಗತಿಯಲ್ಲಿ ಮಕ್ಕಳಿಗೆ ಅದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ, ಆದರೂ ಈಚೆಗೆ ಅದು ನನ್ನನ್ನು ಬೇರೆ ರೀತಿಯಲ್ಲಿ ಹಿಡಿದಿದೆ. ಜೆರುಸಲೇಮಿನ ಮೊದಲ ಕ್ರೈಸ್ತ ಸಮುದಾಯದಲ್ಲಿ ಎದ್ದ ದೂರು ಯಾವುದು? ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂಬುದು. ಬಿಟ್ಟುಹೋದವರು ವಯಸ್ಸಾದ ಒಂಟಿ ಹೆಂಗಸರು, ಅದರಲ್ಲೂ ಬೇರೆ ಭಾಷೆಯವರು. ನಾನು ಕೇಳುತ್ತಿರುವ ಎರಡೂ ಪಟ್ಟಿಗಳು ಅಲ್ಲಿ ಒಂದೇ ಪಟ್ಟಿಯಾಗಿದ್ದವು. ಪ್ರೇಷಿತರು ಆ ದೂರನ್ನು ಗೊಣಗಾಟವೆಂದು ತಳ್ಳಿಹಾಕಲಿಲ್ಲ, ಪ್ರಾರ್ಥನೆ ಮಾಡಿ ಎಂದು ಹೇಳಿ ಕಳುಹಿಸಲೂ ಇಲ್ಲ. ಎಲ್ಲರನ್ನೂ ಕರೆದು, ಒಳ್ಳೆಯ ಹೆಸರಿರುವ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದ ಏಳು ಹೆಸರುಗಳನ್ನು ಗಮನಿಸಿ: ಸ್ತೇಫನನಿಂದ ಹಿಡಿದು ಅಂತಿಯೋಕ್ಯದ ನಿಕೊಲಾವನವರೆಗೆ ಏಳೂ ಗ್ರೀಕ್ ಹೆಸರುಗಳು. ಹಂಚುವ ಸೌಟು ದೂರು ಕೊಟ್ಟವರ ಕಡೆಯವರ ಕೈಗೇ ಹೋಯಿತು ಎಂದು ನಾನು ಅದನ್ನು ಓದುತ್ತೇನೆ. ಝಾರ್ಖಂಡಿನ ಆ ಯುವಕರಲ್ಲಿ ಒಬ್ಬನನ್ನು, ಒಡಿಶಾದವರಲ್ಲಿ ಒಬ್ಬನನ್ನು ಪಾಲನಾ ಮಂಡಳಿಯ ಸಭೆಗೆ ಕರೆಯಬಾರದೇಕೆ? ಅವರಿಗೆ ಬೇಕಾದ್ದೇನು ಎಂದು ಅವರೇ ಹೇಳಲಿ. ತಿಂಗಳಿಗೊಂದು ಹಿಂದಿ ಬಲಿಪೂಜೆಯೋ, ಪಾಪ ನಿವೇದನೆಗೆ ಹಿಂದಿ ಬಲ್ಲ ಗುರುಗಳೋ, ಊರಿಗೆ ಹಣ ಕಳಿಸುವ ಫಾರಂ ತುಂಬಲು ಒಬ್ಬರ ನೆರವೋ, ಅವರನ್ನು ಕೇಳದೆ ನಮಗೆ ಹೇಗೆ ತಿಳಿಯಬೇಕು?

ಹಬ್ಬವೇ ಬೇಡವೆಂದು ಇವಳು ಹೇಳುತ್ತಿದ್ದಾಳೆ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಹಬ್ಬ ನನಗೆ ಬಹಳ ಇಷ್ಟ. ಭ್ರಾತೃತ್ವದ ಭಾನುವಾರ ಪರಮ ಪ್ರಸಾದದ ಹಿಂದೆ ಊರ ರಸ್ತೆಯಲ್ಲಿ ನಡೆಯುವುದು, ಹಿಂದೂ, ಮುಸ್ಲಿಂ ಅಂಗಡಿಯವರು ಎದ್ದು ನಿಲ್ಲುವುದು, ವರ್ಷವಿಡೀ ಕಾಣದ ಮುಖಗಳು ಸಿಗುವುದು, ಇವು ಇಲ್ಲದೆ ನನ್ನ ವಿಶ್ವಾಸವನ್ನು ನೆನೆಯಲೂ ಆಗದು. ಜನವರಿ ಬಂದರೆ ಅತ್ತೂರಿಗೆ ಹೋಗದೆ ಇರಲಾರೆ. ಆದರೆ ಅತ್ತೂರಿನಲ್ಲಿ ಅಷ್ಟು ಜನ ಮೇಣದ ಬತ್ತಿ ಹಚ್ಚುವುದು ಯಾರ ಮುಂದೆ? ಸಂತ ಲಾರೆನ್ಸರು ರೋಮಿನ ಉಪಯಾಜಕರು, ಬಡವರಿಗೆ ದಾನ ಹಂಚುವ ಕೆಲಸ ಅವರದು. 258ರಲ್ಲಿ ಅಧಿಕಾರಿಯೊಬ್ಬ ಇಗರ್ಜಿಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದಾಗ ಅವರು ಮೂರು ದಿನದ ಗಡುವು ಕೇಳಿ, ನಗರದ ಬಡವರನ್ನು, ಕುರುಡರನ್ನು, ಕುಂಟರನ್ನು, ವಿಧವೆಯರನ್ನು ಕರೆತಂದು ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಮೂರು ದಿನದೊಳಗೆ ಅವರನ್ನೆಲ್ಲ ಕರೆತರಲು ಲಾರೆನ್ಸರಿಗೆ ಹೇಗೆ ಸಾಧ್ಯವಾಯಿತು ಎಂದು ಯೋಚಿಸಿ. ಯಾರು ಎಲ್ಲಿದ್ದಾರೆಂದು ಅವರಿಗೆ ಗೊತ್ತಿತ್ತು. ನಮ್ಮನ್ನು ಯಾರಾದರೂ ಹಾಗೆ ಕೇಳಿದರೆ ನಾವು ಮೂರು ದಿನದಲ್ಲಿ ಎಷ್ಟು ಜನರನ್ನು ಕರೆತಂದೇವು? ಬೀದಿದೀಪದ ಸಾಲನ್ನು ಒಂದು ಫರ್ಲಾಂಗು ಕಡಿಮೆ ಮಾಡಿ ಆ ಹಣದಲ್ಲಿ ಗಾಲಿಕುರ್ಚಿ ಹತ್ತುವಂಥ ಒಂದು ವಾಹನವನ್ನು ತಿಂಗಳಿಗೆ ಒಂದು ಭಾನುವಾರ ಬಾಡಿಗೆಗೆ ಹಿಡಿಯೋಣ. ಹಬ್ಬದ ಬಲಿಪೂಜೆಗೆ ಮುಂದಿನ ಎರಡು ಸಾಲು ಆ ವಾಹನದಲ್ಲಿ ಬಂದವರಿಗೆ ಮೀಸಲಿರಲಿ. ದಾನಿಗಳು, ಗಣ್ಯರು ಮೂರನೆಯ ಸಾಲಿನಿಂದ ಕುಳಿತರೆ ಸಂತರಿಗೆ ಬೇಸರವಾಗದು.

ಮನೆ ಭೇಟಿ ಎಂದರೆ ಏನು ಮಾಡಬೇಕು ಎಂಬ ಅಳುಕು ಹಲವರಿಗಿದೆ. ಹಣ ಕೊಡಬೇಕೆ, ಉಪದೇಶ ಹೇಳಬೇಕೆ? ಎರಡೂ ಬೇಡ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು ನಮ್ಮ ಇಗರ್ಜಿಯಲ್ಲೇ ಇದ್ದಾರೆ, ಅವರನ್ನು ಕೇಳಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಆ ಸಭೆಯನ್ನು ಶುರು ಮಾಡಿದ ಫ್ರೆಡರಿಕ್ ಒಝಾನಮ್ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ. ಸಿಸ್ಟರ್ ರೊಸಾಲಿ ರೆಂಡು ಅವನಿಗೂ ಅವನ ಗೆಳೆಯರಿಗೂ ಬಡವರ ಮನೆಗಳನ್ನು ತೋರಿಸಿ, ಹೇಗೆ ಹೋಗಬೇಕು, ಹೇಗೆ ಕೇಳಿಸಿಕೊಳ್ಳಬೇಕು ಎಂದು ಕಲಿಸಿದರು. ಇವತ್ತಿಗೂ ಆ ಸಭೆಯ ಜೀವಾಳ ಮನೆ ಭೇಟಿಯೇ. ಇಬ್ಬರು ಹೋಗಿ, ಕೂತು, ಕೇಳಿ, ಜಪಸರದ ಒಂದು ದಶಕ ಹೇಳಿ ಬಂದರೆ ಸಾಕು. ಬರುವಾಗ ವಿಗಾರರಿಗೆ ತಿಳಿಸಬೇಕಾದ್ದು ಇದ್ದರೆ ಬರೆದುಕೊಳ್ಳಬೇಕು: ಪಾಪ ನಿವೇದನೆ ಬೇಕಂತೆ, ವ್ಯಾಧಿಸ್ಥರ ಅಭ್ಯಂಗ ಬೇಕಂತೆ, ಮಗಳ ಜೊತೆ ಮಾತು ಬಿಟ್ಟಿದ್ದಾರಂತೆ.

ಪರಮ ಪ್ರಸಾದ ಒಯ್ಯುವುದಕ್ಕೂ ಗುರುಗಳೇ ಬರಬೇಕೆಂದಿಲ್ಲ. ತರಬೇತಿ ಪಡೆದ ಗೃಹಸ್ಥರಿಗೆ ಆ ಅನುಮತಿ ಕೊಡಲು 1973ರಿಂದಲೇ ಅವಕಾಶವಿದೆ. ನಮ್ಮಲ್ಲಿ ಅಂಥ ಸೇವಕರಿದ್ದಾರೆ, ಭಾನುವಾರ ಬಲಿಪೀಠದ ಬಳಿ ಬಿಳಿ ನಿಲುವಂಗಿಯಲ್ಲಿ ನಿಲ್ಲುತ್ತಾರೆ. ಅವರ ಹೆಚ್ಚಿನ ಕೆಲಸ ಇರುವುದು ಬಲಿಪೂಜೆ ಮುಗಿದ ಮೇಲೆ, ಇಗರ್ಜಿಯ ಹೊರಗೆ. ಒಬ್ಬೊಬ್ಬರಿಗೆ ಎರಡು ಮೂರು ಮನೆ ಹಂಚಿದರೆ ಪ್ರತಿ ಭಾನುವಾರ ಮಧ್ಯಾಹ್ನದೊಳಗೆ ಎಲ್ಲ ರೋಗಿಗಳಿಗೂ ಪ್ರಸಾದ ತಲುಪುತ್ತದೆ. ನೇರ ಪ್ರಸಾರ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಅದು ನಮ್ಮನ್ನು ಹಿಡಿದಿಟ್ಟಿತು, ಹಾಸಿಗೆ ಹಿಡಿದವರಿಗೆ ಇವತ್ತೂ ಆಸರೆ. ಆದರೆ ಟಿವಿಯ ಮುಂದೆ ಕೂತವರಿಗೆ ಬಲಿಪೂಜೆ ಮುಗಿದ ಮೇಲೆ ಬಾಗಿಲು ತಟ್ಟುವ ಸದ್ದೂ ಕೇಳಿಸಬೇಕು.

ಯುವಜನರ ಬಗ್ಗೆ ಒಂದು ಮಾತು. ಅವರು ಇಗರ್ಜಿಯಿಂದ ದೂರವಾಗುತ್ತಿದ್ದಾರೆ ಎಂದು ಪ್ರತಿ ಸಭೆಯಲ್ಲೂ ಕೊರಗುತ್ತೇವೆ. ನಾವು ಅವರಿಗೆ ಕೊಡುವ ಕೆಲಸ ಯಾವುದು? ಪಾರ್ಕಿಂಗ್, ಸ್ಟೇಜು, ಕ್ರಿಕೆಟ್ ಪಂದ್ಯ. ಒಬ್ಬ ಹಿರಿಯರ ಹೊಣೆಯನ್ನು ಒಬ್ಬ ಹುಡುಗನಿಗೆ ಹೆಸರು ಹೇಳಿ ಒಪ್ಪಿಸಿ ನೋಡಿ. ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ, ಅಜ್ಜಿಯರ ಮತ್ತು ಹಿರಿಯರ ದಿನವೆಂದು ಗೊತ್ತುಮಾಡಿದರು. ಆ ದಿನ ವೇದಿಕೆಯ ಮೇಲೆ ಶಾಲು ಹೊದೆಸುವುದು ಸುಲಭ. ವೇದಿಕೆಗೆ ಬರಬಲ್ಲವರು ಹೇಗಿದ್ದರೂ ಗಟ್ಟಿಯಾಗಿಯೇ ಇದ್ದಾರೆ.

ಶುರು ಮಾಡಲು ಒಳ್ಳೆಯ ಹೊತ್ತೂ ಹತ್ತಿರದಲ್ಲಿದೆ. ಸೆಪ್ಟೆಂಬರ್ 8ರ ಮೋಂತಿ ಫೆಸ್ತಿಗೆ ಮುಂಚಿನ ನೊವೇನಾ ದಿನಗಳಲ್ಲಿ ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ, ಕನ್ಯಾ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆ ಆಶೀರ್ವಾದವಾಗಿ ಮನೆ ಮನೆಗೆ ಬರುತ್ತದೆ. ಆ ಅಕ್ಕಿಯ ಕಾಳನ್ನು ಹಾಲಿಗೆ ಹಾಕಿ ಎಲ್ಲರೂ ಹಂಚಿಕೊಂಡು, ಬಾಳೆ ಎಲೆಯಲ್ಲಿ ಬರೀ ತರಕಾರಿಯ ಊಟ ಮಾಡುತ್ತೇವೆ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಇದನ್ನು ಆರಂಭಿಸಿದರೆಂದು ಹಿರಿಯರ ಹೇಳಿಕೆ. ಮನೆಯವರು ಯಾರಾದರೂ ದೂರದಲ್ಲಿದ್ದರೆ ಅವರ ಪಾಲಿನ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸುವ ಪದ್ಧತಿ ನಮ್ಮದು. ಸಮುದ್ರದಾಚೆಗೆ ಪಾಲು ಮುಟ್ಟಿಸಿದ ನಾವು ರಸ್ತೆಯಾಚೆಗೂ ಮುಟ್ಟಿಸಬಲ್ಲೆವು. ಈ ಸಲ ತೆನೆ ಹಂಚುವಾಗ ಒಬ್ಬರೇ ಇರುವ ಹಿರಿಯರ ಮನೆಗೆ ಪಕ್ಕದ ಕುಟುಂಬ ಎಲೆ, ಅಡುಗೆ ಸಮೇತ ಹೋಗಿ ಅಲ್ಲೇ ಊಟ ಮಾಡಲಿ. ಬೋಟಿನ, ಹೋಟೆಲಿನ ಯುವಕರನ್ನು ವಾರ್ಡಿಗೆ ನಾಲ್ಕು ಜನರಂತೆ ನಮ್ಮ ಮನೆಗಳಿಗೆ ಕರೆಯೋಣ.

ಪಾಲನಾ ಮಂಡಳಿಗೆ ಸಲಹೆ ಕೊಡುವುದಷ್ಟೇ ಅಧಿಕಾರ, ನಿರ್ಧಾರ ವಿಗಾರರದು ಎಂದು ನನಗೆ ಗೊತ್ತಿದೆ. ಆದರೆ ಒಂದು ಮನೆಯ ಗೇಟು ತೆರೆದು ಒಳಗೆ ಹೋಗಲು ಯಾವ ನಿರ್ಣಯವೂ ಬೇಕಾಗಿಲ್ಲ. ಮುಂದಿನ ಸಭೆಗೆ ಮೊದಲು ಪ್ರತಿ ವಾರ್ಡಿನಲ್ಲಿ ಇಬ್ಬರು ಕೂತರೆ ಒಂದು ಸಂಜೆಯಲ್ಲಿ ಎರಡೂ ಪಟ್ಟಿಗಳು ತಯಾರಾಗುತ್ತವೆ. ನಮ್ಮ ವಾರ್ಡಿನದನ್ನು ನಾನು ಬರೆದು ಗುರ್ಕಾರರ ಕೈಗೆ ಕೊಟ್ಟಿದ್ದೇನೆ. ಅದರಲ್ಲಿ ಇಗರ್ಜಿಯಿಂದ ಕೆಳಗಿನ ತೋಡಿನವರೆಗಿನ ಮನೆಗಳ ಹೊಣೆ ನನಗಿರಲಿ. ತೋಡಿನ ಆಚೆಗೆ ಹೋಗಲು ನನ್ನ ಕಾಲಿಗೆ ಆಗದು, ಅಲ್ಲಿಗೆ ಇಬ್ಬರು ಬೇಕು. ಹೆಸರು ಕೊಡುವವರು ಈ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ದೊತೊರ್ನ್ ಕೋಣೆಯ ಹತ್ತಿರ ಬನ್ನಿ.

ಪ್ರಾರ್ಥನೆಯೊಂದಿಗೆ,
ನಿಮ್ಮ ಸಹೋದರಿ,
ಭಾನುವಾರದ ತರಗತಿಯ ಹಳೆಯ ಟೀಚರ್